ಕಾಲು ಹೋಗಿದ್ದು ತೊಡೆಯಲ್ಲಿ, ನೋವು ಸೊಂಟದಲ್ಲಿ: ಒಂದು ಪ್ರಕರಣ

ಕಾಲು ಕಳಕೊಂಡವರ ಬಗ್ಗೆ ಮಾತು ಬಂದ್ರೆ ಜನ ಕೇಳೋದು ಎರಡೇ ಪ್ರಶ್ನೆ, ಕೃತಕ ಕಾಲು ಹಾಕಿಸಿದ್ರಾ, ನಡೀತಾರಾ. ಹೌದು ಅಂದ್ರೆ ಅಲ್ಲಿಗೆ ಮುಗೀತು. ಸೊಂಟ ಹೇಗಿದೆ ಅಂತ ಕೇಳೋರು ಬಹಳ ಕಮ್ಮಿ. ಆದ್ರೆ ಕಾಲು ತೆಗೆಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮುಂದೆ ಸೊಂಟನೋವು ಕಾಡುತ್ತೆ ಅಂತ ಒಂದಲ್ಲ ಹಲವು ಸರ್ವೇಗಳು ಹೇಳಿವೆ, ಅದ್ರಲ್ಲಿ ಎಷ್ಟೋ ಜನ ಕತ್ತರಿಸಿದ ಜಾಗದ ನೋವಾದ್ರೂ ತಡ್ಕೋಬಹುದು ಈ ಸೊಂಟದ್ದು ತಡ್ಕೊಳ್ಳೋಕಾಗಲ್ಲ ಅಂತಾರೆ.

ನಾನು ಫಿಸಿಯೋ. ಇಲ್ಲಿ ಬರೀತಿರೋ ಕೇಸಲ್ಲಿ ಗುರುತು ಸಿಗಬಾರದು ಅಂತ ವಿವರ ಬದಲಿಸಿದ್ದೀನಿ, ಇದೇ ಥರ ಬಂದ ಬೇರೆ ಒಂದಿಬ್ಬರ ವಿಷಯಾನೂ ಒಳಗೆ ಸೇರಿದೆ. ಹೆಸರು ಬೇಡ, ಗುಮಾಸ್ತ್ರು ಅಂತಾನೇ ಕರೀತೀನಿ, ಯಾಕಂದ್ರೆ ಅವರ ಕೆಲಸಕ್ಕೂ ಅವರ ನೋವಿಗೂ ಸಂಬಂಧ ಇದೆ.

ತಿಪಟೂರು ಕಡೆಯವರು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋದು. ವಯಸ್ಸು 44. ಆರು ವರ್ಷದ ಹಿಂದೆ ಬೈಕಲ್ಲಿ ಬರ್ತಾ ಲಾರಿಗೆ ಸಿಕ್ಕಿ ಬಲಗಾಲು ಜಜ್ಜಿಹೋಗಿ ಮೊಣಕಾಲಿಂದ ಮೇಲಕ್ಕೆ, ತೊಡೆಯ ಮಧ್ಯಕ್ಕೆ ತೆಗೆದಿದ್ರು. ಶುಗರ್ ಇಲ್ಲ, ಬಿಪಿ ಇಲ್ಲ. ಗಾಯ ಚೆನ್ನಾಗೇ ಒಣಗಿ ಒಂದು ಕ್ಯಾಂಪಲ್ಲಿ ಕೃತಕ ಕಾಲು ಸಿಕ್ಕಿತ್ತು, ಆಮೇಲೆ ಅಪಘಾತದ ಪರಿಹಾರದ ದುಡ್ಡು ಬಂದಾಗ ಇನ್ನೊಂದು, ಸ್ವಲ್ಪ ಒಳ್ಳೇದು, ಮಾಡಿಸಿಕೊಂಡಿದ್ರು. ಕೋಲು ಹಿಡಿದು ಬಸ್ ಹತ್ತಿ ಇಳೀತಾರೆ, ಊರವರ ಲೆಕ್ಕದಲ್ಲಿ ಪೂರ್ತಿ ಗುಣವಾದ ಮನುಷ್ಯ.

ಬಂದಾಗ ಕೈಯಲ್ಲಿ ಎಂಆರ್‌ಐ ಕವರ್. "ಎರಡು ವರ್ಷದಿಂದ ಸಾರ್, ಸಂಜೆ ಆಗ್ತಿದ್ದಂಗೆ ನಡ ಹಿಡ್ಕೊಂಡ್ಬಿಡುತ್ತೆ, ಎದ್ದು ನಿಂತ್ರೆ ನೆಟ್ಟಗಾಗಕ್ಕೇ ಆಗಲ್ಲ. ಡಿಸ್ಕ್ ಜಾರಿದೆ ಅಂದ್ರು, ಆಪರೇಷನ್ ಆಗ್ಬೋದು ಅಂದ್ರು." ರಿಪೋರ್ಟಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್ ಅಂತ ಇತ್ತು, ಅಂದ್ರೆ ಸೊಂಟದ ನಾಲ್ಕನೇ ಐದನೇ ಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಹೊರಗೆ ಉಬ್ಬಿದೆ ಅಂತ, ನರ ಒತ್ತಿಕೊಂಡಿರೋದು ಅಂಥದ್ದೇನೂ ಇರಲಿಲ್ಲ.

ಈ ಬಲ್ಜ್ ಅನ್ನೋದನ್ನ ಮೊದಲು ಪಕ್ಕಕ್ಕಿಡ್ಬೇಕು. ನೋವೇ ಇಲ್ಲದ 40ರ ವಯಸ್ಸಿನವರನ್ನ ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡಿದ್ರೂ ಹತ್ತಿರ ಹತ್ತಿರ ಅರ್ಧ ಜನಕ್ಕೆ ಬಲ್ಜ್ ಕಾಣುತ್ತೆ, ಹಲವು ಅಧ್ಯಯನ ಒಟ್ಟುಮಾಡಿ 2015ರಲ್ಲಿ ಬಂದ ವಿಮರ್ಶೆಯಲ್ಲಿ ಇದು ಸ್ಪಷ್ಟವಾಗೇ ಇದೆ. ಕಾಲು ಹೋದವರಲ್ಲೂ ಸೊಂಟ ನೋಯೋರ ಸ್ಕ್ಯಾನ್ ಮತ್ತು ನೋಯದವರ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಡಿಸ್ಕ್ ಸವೆತದಲ್ಲಿ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಸಿಕ್ಕಿಲ್ಲ. ಅಂದ್ರೆ ಬಲ್ಜ್ ಸುಳ್ಳು ಅಂತಲ್ಲ, ನೋವಿನ ಕಾರಣ ಅದೇ ಅಂತ ಬರೀ ಫಿಲ್ಮ್ ನೋಡಿ ಹೇಳೋಕಾಗಲ್ಲ.

ಹಾಗಂತ ನೇರ ವ್ಯಾಯಾಮಕ್ಕೆ ಹೋಗೋ ಹಾಗೂ ಇಲ್ಲ. ಮೂತ್ರ ಮಲದ ಹಿಡಿತ ಸರಿ ಇದೆಯಾ, ಕೂರೋ ಜಾಗ ಜೋಮು ಹಿಡಿದಿದೆಯಾ, ಜ್ವರ, ತೂಕ ಇಳಿಯೋದು, ರಾತ್ರಿ ಮಲಗಿದ್ರೂ ಬಿಡದ ನೋವು, ಎಲ್ಲ ಕೇಳಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ವಿ. ಎಡಗಾಲಿನ ಶಕ್ತಿ, ರಿಫ್ಲೆಕ್ಸ್ ಎರಡೂ ನಾರ್ಮಲ್. ಬಲಗಡೆ ಪಜೀತಿ ಶುರುವಾಗೋದು, ಯಾಕಂದ್ರೆ ಸಯಾಟಿಕಾ, ಅಂದ್ರೆ ಸೊಂಟದಲ್ಲಿ ನರ ಒತ್ತಿ ಕಾಲಿಗೆ ಇಳಿಯೋ ನೋವು, ಇದೆಯಾ ಅಂತ ನೋಡೋಕೆ ಕಾಲು ನೆಟ್ಟಗೆ ಎತ್ತಿಸ್ತೀವಲ್ಲ, ಅದು ಅರ್ಧ ತೊಡೆಯಲ್ಲಿ ಏನೂ ಹೇಳಲ್ಲ, ಮೊಣಕಾಲು ಪಾದ ಇಲ್ಲದೆ ನರ ಎಳೆಯೋದೇ ಇಲ್ಲ. ಅದಕ್ಕೇ ಕೇಳ್ಬೇಕಾಗಿದ್ದು, ಇಲ್ಲದ ಪಾದದಲ್ಲಿ ಏನಾದ್ರೂ ಆಗುತ್ತಾ ಅಂತ. ಡಿಸ್ಕ್ ನಿಜವಾಗ್ಲೂ ನರ ಒತ್ತಿದ್ರೆ ಅದರ ಉರಿ ಇಲ್ಲದ ಕಾಲಿನಲ್ಲೇ, ಇಲ್ಲದ ಹೆಬ್ಬೆರಳಿನಲ್ಲೇ ಕಾಣಿಸ್ಕೋಬಹುದು, ಅದನ್ನ ಮಾಮೂಲಿ ಫ್ಯಾಂಟಮ್ ನೋವು (ತೆಗೆದ ಅಂಗ ಇನ್ನೂ ಇದೆ ಅನ್ನೋ ಹಾಗೆ ಅಲ್ಲೇ ಆಗೋ ನೋವು) ಅಂತ ತಳ್ಳಿಹಾಕಿಬಿಡೋ ಅಪಾಯ ಇರುತ್ತೆ. ಗುಮಾಸ್ತ್ರಿಗೆ ಇಲ್ಲದ ಪಾದದಲ್ಲಿ ಆಗೊಮ್ಮೆ ಈಗೊಮ್ಮೆ ತುರಿಕೆ ಬರ್ತಿತ್ತು ಅಷ್ಟೆ, ಅದು ಮೊದಲ ವರ್ಷದಿಂದ ಹಾಗೇ ಇದೆ, ಬಗ್ಗಿದ್ರೆ ಕೆಮ್ಮಿದ್ರೆ ಜಾಸ್ತಿ ಆಗಲ್ಲ.

ಆಮೇಲೆ ಕೃತಕ ಕಾಲು ಬಿಚ್ಚಿಸಿ ಮಂಚದ ಮೇಲೆ ಅಂಗಾತ ಮಲಗಿಸಿದೆ. ಎಡ ಮೊಣಕಾಲನ್ನ ಎದೆಗೆ ಅಪ್ಪಿಕೊಳ್ಳಿ ಅಂದೆ. ಅಪ್ಪಿಕೊಂಡ ತಕ್ಷಣ ಬಲ ತೊಡೆ ತಾನಾಗೇ ಮೇಲೆದ್ದು ನಿಂತ್ಕೊಳ್ತು, ಕೆಳಗೆ ಒತ್ತಿದ್ರೆ ಸೊಂಟ ಮಂಚ ಬಿಟ್ಟು ಮೇಲಕ್ಕೆ ಕಮಾನು ಆಗುತ್ತೆ. ಕೀಲಿನ ಕೋನ ಅಳೆಯೋ ಗೋನಿಯೋಮೀಟರ್ ಇಟ್ಟು ನೋಡಿದ್ರೆ 20 ಡಿಗ್ರಿ. ಅಂದ್ರೆ ತೊಡೆಸಂದು 20 ಡಿಗ್ರಿ ಮಡಚಿದ ಸ್ಥಿತಿಯಲ್ಲೇ ಬಿಗಿದುಹೋಗಿದೆ, ನೆಟ್ಟಗಾಗೋದೇ ಇಲ್ಲ.

ಇಡೀ ಕೇಸು ಇದರ ಸುತ್ತಲೇ ತಿರುಗುತ್ತೆ ಅಂತ ನನಗನ್ನಿಸಿದ್ದು ಅಲ್ಲೇ. ತೊಡೆಯನ್ನ ಮುಂದಕ್ಕೆ ಮಡಚೋ ಮುಖ್ಯ ಸ್ನಾಯು ಸೋಯಸ್ ಅಂತ, ಅದು ಹುಟ್ಟೋದು ಸೊಂಟದ ಬೆನ್ನುಮೂಳೆಯ ಪಕ್ಕದಿಂದ, ಎದೆಭಾಗದ ಕೊನೇ ಮೂಳೆಯಿಂದ ಹಿಡಿದು ಸೊಂಟದ ಐದೂ ಮೂಳೆಗಳಿಗೂ ಅಂಟಿಕೊಂಡು, ಹೊಟ್ಟೆಯ ಹಿಂಭಾಗದಲ್ಲೇ ಇಳಿದು ತೊಡೆಮೂಳೆಯ ಮೇಲ್ಭಾಗದ ಒಳಗಡೆ ಸೇರುತ್ತೆ. ತೊಡೆಯ ಮಧ್ಯಕ್ಕೆ ಕತ್ತರಿಸಿದ್ರೆ ಈ ಸ್ನಾಯುವಿಗೆ ಏನೂ ಆಗಲ್ಲ, ಪೂರ್ತಿ ಉಳ್ಕೊಳ್ಳುತ್ತೆ. ಆದ್ರೆ ಅದಕ್ಕೆ ಎದುರಾಗಿ ತೊಡೆಯನ್ನ ಹಿಂದಕ್ಕೆ ಎಳೆಯೋ ಹ್ಯಾಮ್‌ಸ್ಟ್ರಿಂಗ್ ಇರುತ್ತಲ್ಲ, ಅದು ಮೊಣಕಾಲಿನ ಕೆಳಗೆ ಹೋಗಿ ಅಂಟೋದು, ಅದರ ತುದಿಯೇ ಕತ್ತರಿಸಿಹೋಯ್ತು. ತೊಡೆಯನ್ನ ಒಳಕ್ಕೆ ಎಳೆಯೋ ಅಡಕ್ಟರ್‌ಗಳಲ್ಲಿ ದೊಡ್ಡದು ಕೂಡ ಬಹುಪಾಲು ಹಿಡಿತ ಕಳಕೊಳ್ತು. ಮುಂದಕ್ಕೆ ಎಳೆಯೋನೂ ಹೊರಕ್ಕೆ ಎಳೆಯೋನೂ ಗಟ್ಟಿಯಾಗಿ ಉಳಿದ್ರು, ಎದುರು ಎಳೆಯೋರು ಸೋತ್ರು. ಹಾಗಾಗಿ ಮೊಣಕಾಲ ಮೇಲೆ ತೆಗೆದವರ ತೊಡೆ ಮುಂದಕ್ಕೂ ಹೊರಕ್ಕೂ ವಾಲಿ ಬಿಗಿಯೋದು, ಸರ್ಜನ್ ಕತ್ತರಿಸಿದ ಸ್ನಾಯುವಿನ ತುದಿಯನ್ನ ಮೂಳೆಗೇ ಬಿಗಿಯಾಗಿ ಹೊಲಿದಿದ್ರೆ ಇದು ಎಷ್ಟೋ ಕಮ್ಮಿ ಆಗುತ್ತೆ.

ಇಷ್ಟು ಶರೀರರಚನೆ. ಇನ್ನು ಉಳಿದಿದ್ದನ್ನ ಮನೆ ಮತ್ತೆ ಕೊಬ್ಬರಿ ಮಂಡಿ ಸೇರಿ ಮಾಡಿದ್ದು.

ಅವರ ಹೆಂಡತಿ ಜೊತೆಗೆ ಬಂದಿದ್ರು. ರಾತ್ರಿ ಹೇಗೆ ಮಲಗ್ತಾರೆ ಅಂತ ಕೇಳಿದ್ದಕ್ಕೆ, "ತೊಡೆ ಕೆಳಗೆ ದಿಂಬು ಇಲ್ದೆ ನಿದ್ದೇನೇ ಬರಲ್ಲ ಅಂತಾರೆ ಸಾರ್, ಆಸ್ಪತ್ರೆಲಿದ್ದಾಗಿಂದ ಅಭ್ಯಾಸ ಆಗೋಗಿದೆ" ಅಂದ್ರು. ಆರು ವರ್ಷ ದಿಂಬು. ನೋವು ಕಮ್ಮಿ ಆಗ್ಲಿ ಅಂತ ಅಕ್ಕರೆಯಿಂದ ಇಟ್ಟ ದಿಂಬು ಪ್ರತಿ ರಾತ್ರಿ ತೊಡೆಯನ್ನ ಮಡಚಿದ ಸ್ಥಿತಿಯಲ್ಲೇ ಕಾಯ್ದಿಟ್ಟಿದೆ. ಹಗಲು ಹೇಗೆ? ಮಂಡಿಯಲ್ಲಿ ಗಾದಿ ಮೇಲೆ ಕೂತು ಡೆಸ್ಕ್ ಪೆಟ್ಟಿಗೆ ಮುಂದಿಟ್ಟುಕೊಂಡು ಬರೆಯೋದು, ಕೃತಕ ಕಾಲು ಹಾಕ್ಕೊಂಡು ಚಕ್ಕಳಮಕ್ಕಳ ಕೂರೋಕಾಗಲ್ಲ, ಅದಕ್ಕೆ ಹೋದ ತಕ್ಷಣ ಕಾಲು ಬಿಚ್ಚಿ ಗೋಡೆಗೆ ಒರಗಿಸಿ ಎಡಗಾಲು ಮಡಚಿ ಬಲ ತೊಡೆಯನ್ನ ಹೊಟ್ಟೆ ಕಡೆಗೆ ಎತ್ತಿಕೊಂಡು ಅದರ ಮೇಲೆ ಮೊಣಕೈ ಊರಿ ಬರೀತಾರೆ. ನಾನು ಫೋನಲ್ಲಿ ಫೋಟೋ ತರಿಸಿಕೊಂಡು ನೋಡಿದೆ. ದೇಹ ಪೂರ್ತಿ ಎಡಕ್ಕೆ ವಾಲಿದೆ, ಬೆನ್ನು ಬಿಲ್ಲು. ಊಟಕ್ಕೆ ಮಾತ್ರ ಏಳೋದು, ಹರಾಜಿನ ದಿನ ಅದೂ ತಡ.

ಸರಿ, ತೊಡೆಸಂದು ಬಿಗಿದ್ರೆ ಸೊಂಟಕ್ಕೇನು? ನಡೆಯುವಾಗ ನೋಡ್ಬೇಕು ಇದನ್ನ. ಹೆಜ್ಜೆಯ ಕೊನೆಯಲ್ಲಿ, ಎಡಗಾಲು ಮುಂದೆ ಇಡೋ ಹೊತ್ತಿಗೆ, ಬಲ ತೊಡೆ ಹಿಂದಕ್ಕೆ ಹೋಗ್ಬೇಕು. ಅದು ಹೋಗಲ್ಲ. ಹಾಗಾದ್ರೆ ಹೆಜ್ಜೆ ಎಲ್ಲಿಂದ ಬರುತ್ತೆ? ಪೆಲ್ವಿಸ್, ಅಂದ್ರೆ ಬೆನ್ನುಮೂಳೆಗೂ ತೊಡೆಗಳಿಗೂ ನಡುವಿನ ಬೋಗುಣಿಯಂಥ ಮೂಳೆ, ಮುಂದಕ್ಕೆ ಬಗ್ಗುತ್ತೆ, ಸೊಂಟ ಒಳಕ್ಕೆ ಬಾಗುತ್ತೆ, ತೊಡೆಯ ಕೆಲಸ ಸೊಂಟದ ಬೆನ್ನುಮೂಳೆಯ ಕೀಲುಗಳು ಮಾಡ್ತಾವೆ. ಪ್ರತಿ ಬಲ ಹೆಜ್ಜೆಗೂ ಬೆನ್ನುಮೂಳೆಯ ಹಿಂಭಾಗದ ಸಣ್ಣ ಕೀಲುಗಳು ಒಂದಕ್ಕೊಂದು ಒತ್ತುತ್ತವೆ, ಬೆನ್ನಿನ ಉದ್ದುದ್ದ ಸ್ನಾಯುಗಳು ಬಿಗಿ ಹಿಡಿಯುತ್ತವೆ. ಗುಮಾಸ್ತ್ರನ್ನ ಪಕ್ಕದಿಂದ ಮೊಬೈಲಲ್ಲಿ ವಿಡಿಯೋ ಮಾಡಿ ನಿಧಾನ ಮಾಡಿ ಅವರಿಗೇ ತೋರಿಸಿದಾಗ ಅವರೇ "ಅಯ್ಯೋ, ಹೊಟ್ಟೆ ಮುಂದೆ ಹೋಗ್ತೈತಲ್ಲ ಸಾ, ಬಸುರಿ ಹೆಂಗಸು ನಡ್ದಂಗೆ" ಅಂದ್ರು.

ಹಿಂದಿನಿಂದ ನೋಡಿದ್ರೆ ಬೇರೆ ಎರಡು ವಿಷಯ. ಬಲಗಾಲ ಮೇಲೆ ಭಾರ ಬಿದ್ದಾಗ ಇಡೀ ಮೈ ಬಲಕ್ಕೆ ವಾಲುತ್ತೆ. ಪೆಲ್ವಿಸ್ ಸಮ ಇಡೋ ಗ್ಲೂಟಿಯಸ್ ಮೀಡಿಯಸ್ ಸ್ನಾಯು ಕಡಿದುಹೋಗಿಲ್ಲ, ಇದೆ, ಆದ್ರೆ ಅದು ಹಿಡ್ಕೊಂಡಿರೋ ತೊಡೆಮೂಳೆಯ ಕೆಳತುದಿ ನೆಲಕ್ಕೆ ಸೇರಿಲ್ಲ, ಮಾಂಸದ ನಡುವೆ ಸಾಕೆಟ್ (ಉಳಿದ ತೊಡೆ ಕೂರೋ, ಕೃತಕ ಕಾಲಿನ ಮೇಲ್ಭಾಗದ ಬಟ್ಟಲು) ಒಳಗೆ ತೇಲ್ತಾ ಇದೆ. ಸಡಿಲ ಮಣ್ಣಲ್ಲಿ ನೆಟ್ಟ ಗೂಟಕ್ಕೆ ಹಸು ಕಟ್ಟಿದ ಹಾಗೆ, ಹಗ್ಗ ಬಿಗಿಯಾದ್ರೆ ಗೂಟವೇ ವಾಲುತ್ತೆ. ಸ್ನಾಯು ಎಳೆದಾಗ ಪೆಲ್ವಿಸ್ ಸಮ ಆಗೋ ಬದಲು ಮೂಳೆ ಸಾಕೆಟ್ ಗೋಡೆಗೆ ಹೊರಕ್ಕೆ ಒತ್ತುತ್ತೆ, ಮನುಷ್ಯ ಬೀಳದೇ ಇರೋಕೆ ಮೈಯನ್ನೇ ಆ ಕಡೆ ಎಸೀತಾನೆ.

ಎರಡನೇದು, ಕೃತಕ ಕಾಲನ್ನ ಮುಂದೆ ತರುವಾಗ ಬಲಗಡೆ ಸೊಂಟ ಮೇಲಕ್ಕೆ ಎಳ್ಕೊಳ್ಳೋದು. ಅವರ ಕಾಲಿನ ಮೊಣಕಾಲು ಮಡಚೋ ಥರದ್ದೇ, ಲಾಕ್ ಕೂಡ ಇದೆ, ಬಿದ್ದುಬಿಡ್ತೀನಿ ಅಂತ ಹೆದರಿ ಯಾವಾಗ್ಲೂ ಲಾಕ್ ಹಾಕೇ ನಡೆಯೋದು. ಮಡಚದ ಕಾಲು ನೆಲಕ್ಕೆ ತಾಗದೆ ಮುಂದೆ ಬರ್ಬೇಕಂದ್ರೆ ಒಂದೋ ಹೊರಗಿಂದ ಸುತ್ತು ಹಾಕಿ ತರ್ಬೇಕು ಇಲ್ಲ ಸೊಂಟ ಎತ್ತಬೇಕು. ಎತ್ತೋದು ಯಾರು, ಕ್ವಾಡ್ರೇಟಸ್ ಲಂಬೋರಮ್ ಅನ್ನೋ ಸ್ನಾಯು, ಕೊನೇ ಪಕ್ಕೆಲುಬಿನಿಂದ ಪೆಲ್ವಿಸ್ ಅಂಚಿನವರೆಗೆ ಇರೋದು. ಪಕ್ಕಕ್ಕೆ ಬಾಗೋದಕ್ಕೆ, ಮೈ ಸ್ಥಿರ ಇಡೋದಕ್ಕೆ ಇರೋ ಸ್ನಾಯು ಅದು, ಈಗ ಕಾಲು ಎತ್ತೋ ಕೂಲಿ ಮಾಡ್ತಾ ಇದೆ. ಬೆರಳಿಟ್ಟು ಒತ್ತಿದ ಕೂಡ್ಲೇ "ಅಲ್ಲೇ ಅಲ್ಲೇ, ಅದೇ ನೋವು" ಅಂತ ಕೂಗಿದ್ರು. ಡಿಸ್ಕ್ ಇರೋ ಮಧ್ಯದ ಜಾಗ ಒತ್ತಿದ್ರೆ ಅಷ್ಟೇನೂ ಇಲ್ಲ.

ಎಂಆರ್‌ಐ ರಿಪೋರ್ಟಲ್ಲಿ ಬರೆಯದೇ ಇದ್ದ ಒಂದು ವಿಷಯ ಫಿಲ್ಮಲ್ಲಿತ್ತು. ಅಡ್ಡ ಸೀಳಿಕೆಯ ಚಿತ್ರಗಳಲ್ಲಿ ಬೆನ್ನುಮೂಳೆಗೆ ಅಂಟಿಕೊಂಡ ಮಲ್ಟಿಫಿಡಸ್ ಸ್ನಾಯು ಎಡಗಡೆ ದಪ್ಪಗೆ ಕಪ್ಪಗೆ ಇದೆ, ಬಲಗಡೆ ಕೆಳಗಿನ ಮೂಳೆಗಳ ಮಟ್ಟದಲ್ಲಿ ತೆಳ್ಳಗಾಗಿ ನಡುನಡುವೆ ಬಿಳಿ ಗೆರೆ, ಆ ಬಿಳಿ ಅಂದ್ರೆ ಕೊಬ್ಬು. ಒಂದೊಂದು ಮೂಳೆಯನ್ನ ಅದರ ಜಾಗದಲ್ಲಿ ಹಿಡಿದಿಡೋದು ಈ ಸಣ್ಣ ಸ್ನಾಯು, ನೋವಿದ್ರೆ ಬಳಕೆ ತಪ್ಪಿದ್ರೆ ಬೇಗ ಸೊರಗುತ್ತೆ, ಮತ್ತೆ ತಾನಾಗೇ ತುಂಬಿಕೊಳ್ಳಲ್ಲ. ನೋವಿನಿಂದ ಸೊರಗ್ತೋ ಸೊರಗಿದ್ದಕ್ಕೆ ನೋವು ಬಂತೋ ಅಂತ ಒಬ್ಬರ ಸ್ಕ್ಯಾನ್ ನೋಡಿ ಹೇಳೋಕಾಗಲ್ಲ. ರಿಪೋರ್ಟ್ ಬರೆಯೋರು ಸ್ನಾಯುವಿನ ಬಗ್ಗೆ ಒಂದು ಸಾಲು ಬರೀಬಾರದಾ ಅಂತ ನನಗೆ ಯಾವಾಗ್ಲೂ ಅನ್ಸುತ್ತೆ, ಮೂಳೆ ಡಿಸ್ಕ್ ನರ ಇಷ್ಟರಲ್ಲೇ ಮುಗಿಸಿಬಿಡ್ತಾರೆ.

ಇನ್ನು ಉದ್ದ. ಕಾಲು ಹಾಕಿ ನಿಲ್ಲಿಸಿ ಪೆಲ್ವಿಸ್ ಅಂಚಿನ ಮೇಲೆ ಎರಡೂ ಕೈ ಇಟ್ಟು ನೋಡಿದ್ರೆ ಬಲಗಡೆ ತಗ್ಗು. ಪಾದದ ಕೆಳಗೆ ತೆಳು ಹಲಗೆ ಒಂದೊಂದಾಗಿ ಸೇರಿಸ್ತಾ ಹೋದ್ರೆ 2 ಸೆಂಟಿಮೀಟರ್‌ಗೆ ಸಮ ಆಯ್ತು. ಮೊಣಕಾಲ ಮೇಲಿನ ಕೃತಕ ಕಾಲನ್ನ ನೆಲಕ್ಕೆ ತಾಗದಿರ್ಲಿ ಅಂತ ಒಂದು ಸೆಂಟಿಮೀಟರಷ್ಟು ಗಿಡ್ಡ ಇಡೋ ಪದ್ಧತಿ ಇದೆ, ಇವರದ್ದು ಅದಕ್ಕಿಂತ ಜಾಸ್ತಿ, ಲಾಕ್ ಹಾಕಿ ನಡೆಯೋರು ಅಂತ ಗೊತ್ತಾಗಿ ಪೈಲಾನ್ ಟ್ಯೂಬ್, ಅಂದ್ರೆ ಮೊಣಕಾಲಿಗೂ ಪಾದಕ್ಕೂ ನಡುವಿನ ಕೊಳವೆ, ಇನ್ನಷ್ಟು ಕತ್ತರಿಸಿದ್ರಂತೆ. ಎರಡು ತೂಕದ ಮಷೀನ್ ತಂದು ಒಂದೊಂದರ ಮೇಲೆ ಒಂದೊಂದು ಕಾಲು ಇಟ್ಟು ನಿಲ್ಲಿಸಿದಾಗ ಎಡಕ್ಕೆ 46 ಕಿಲೋ, ಬಲಕ್ಕೆ 21. ಅವರಿಗೇನೋ ಸಮ ನಿಂತಿದ್ದೀನಿ ಅಂತಾನೇ ಅನ್ನಿಸ್ತಿತ್ತು.

ಇಷ್ಟೆಲ್ಲ ನೋಡಿದ ಮೇಲೆ ಕೆಲವರು ಮೊದಲು ಮಾಡೋದು ಕಾಲು ಉದ್ದ ಮಾಡಿಸೋದು. ಇಲ್ಲಿ ಹಾಗೆ ಮಾಡಿದ್ರೆ ಕೆಡುತ್ತೆ. ತೊಡೆಸಂದು ಬಿಗಿ ಇದೆ, ಮೊಣಕಾಲು ಲಾಕ್ ಇದೆ, ಈಗ 2 ಸೆಂಟಿಮೀಟರ್ ಉದ್ದ ಕೊಟ್ರೆ ಪಾದ ನೆಲಕ್ಕೆ ಉಜ್ಜುತ್ತೆ, ಅದನ್ನ ತಪ್ಪಿಸೋಕೆ ಸೊಂಟ ಇನ್ನೂ ಎತ್ತುತ್ತಾರೆ, ನೋಯ್ತಿರೋ ಸ್ನಾಯುವಿಗೇ ಇನ್ನಷ್ಟು ಕೆಲಸ. ಉದ್ದ ಕೊನೇಲಿ ನೋಡೋಣ ಅಂದ್ವಿ.

ಮೊದಲು ಕಾಲು ಮಾಡೋರ ಹತ್ರ ಮಾತಾಡಿ ಸಾಕೆಟನ್ನ ಸ್ವಲ್ಪ ಮುಂದಕ್ಕೆ ಬಾಗಿಸಿದ್ವಿ. ತೊಡೆ ಎಷ್ಟು ಬಿಗಿದಿದೆಯೋ ಅಷ್ಟಕ್ಕೆ ಇನ್ನೈದು ಡಿಗ್ರಿ ಸೇರಿಸಿ ಸಾಕೆಟ್ ಕೂರಿಸ್ಬೇಕು ಅನ್ನೋದು ಈ ಕೆಲಸದ ಹಳೇ ನಿಯಮ, ಇವರ ಸಾಕೆಟ್ ಹೆಚ್ಚುಕಮ್ಮಿ ನೆಟ್ಟಗಿತ್ತು, ಅಂದ್ರೆ ನೆಟ್ಟಗಾಗದ ತೊಡೆಯನ್ನ ನೆಟ್ಟಗಿನ ಸಾಕೆಟಲ್ಲಿ ತುರುಕಿದ ಹಾಗೆ, ಆ ವ್ಯತ್ಯಾಸ ಪೂರ್ತಿ ಸೊಂಟವೇ ನುಂಗ್ತಿತ್ತು. ಅಲೆನ್ ಕೀಯಲ್ಲಿ ನಾಲ್ಕು ಸ್ಕ್ರೂ ಸಡಿಲಿಸಿ ಬಿಗಿ ಮಾಡೋ ಕೆಲಸ, ಕೆಲವು ಡಿಗ್ರಿ ಮಾತ್ರ ಸಿಗುತ್ತೆ, ಪೂರ್ತಿ ಬೇಕಂದ್ರೆ ಹೊಸ ಸಾಕೆಟ್ಟೇ ಆಗ್ಬೇಕು. ಸಾಕೆಟ್ ಬಾಗಿಸಿದ್ರೆ ಮೊಣಕಾಲು ಮುಂದೆ ಬಂದು ಮಡಚಿಬಿಡೋ ಅಪಾಯ ಇರೋದ್ರಿಂದ ಅದನ್ನೂ ಹಿಂದಕ್ಕೆ ಸರಿಸಿ ಕೊಟ್ರು. ಅವತ್ತೇ ಹೊರಗೆ ನಡೆದು ಬಂದು, ಹಗುರ ಆಯ್ತು ಅಂದ್ರು.

ದಿಂಬು ತೆಗೆಸಿದ್ವಿ. ಬೋರಲು ಮಲಗೋದು ಶುರುಮಾಡಿಸಿದ್ವಿ, ದಿನಕ್ಕೆ ಮೂರು ಸಲ, ಸಲಕ್ಕೆ 15-20 ನಿಮಿಷ, ಮುಖ ಎಡಕ್ಕೆ ತಿರುಗಿಸಿ, ತೊಡೆ ಒಳಕ್ಕೆ ಒತ್ತಿ. ಕೇಳೋಕೆ ಏನೂ ಅಲ್ಲ, ಮಾಡಿಸೋದು ಮಾತ್ರ ಕಷ್ಟ, ಊಟ ಆದ್ಮೇಲೆ ಆಗಲ್ಲ, ಬೆಳಿಗ್ಗೆ ಟೈಮಿಲ್ಲ, ಗಂಡಸು ಹೀಗೆ ಬೋರಲು ಬಿದ್ಕೊಂಡ್ರೆ ನೋಡೋರು ಏನಂತಾರೆ. ಕೊನೆಗೆ ಮಂಡಿಯಲ್ಲೇ ದಾರಿ ಸಿಕ್ತು, ಮಧ್ಯಾಹ್ನ ಊಟಕ್ಕೆ ಮೊದಲು ಖಾಲಿ ಗೋಣಿಚೀಲದ ಅಟ್ಟಿ ಮೇಲೆ ಮಲಗೋಕೆ ಮಾಲೀಕರೇ ಜಾಗ ಮಾಡಿಕೊಟ್ರು. ಹಮಾಲರೂ ಪಕ್ಕದಲ್ಲಿ ಒರಗ್ತಾರಂತೆ, ಹಾಗಾಗಿ ನಾಚಿಕೆ ಹೋಯ್ತು.

ಗಾದಿಯ ವಿಷಯದಲ್ಲಿ ಜಗಳವೇ ಆಯ್ತು. ಕುರ್ಚಿ ಮೇಜು ಅಂದ್ರೆ ಅವರಿಗೆ ಇಷ್ಟ ಇಲ್ಲ, ಆ ಮಂಡಿಯಲ್ಲಿ ಗಾದಿ ಮೇಲೆ ಕೂರೋದೇ ಒಂದು ಮರ್ಯಾದೆ. ಕುರ್ಚಿಗೂ ಅದರದ್ದೇ ತೊಂದರೆ ಇದೆ ಅನ್ನೋದೂ ನಿಜ, ಕಾಲು ಹಾಕ್ಕೊಂಡು ಕೂತ್ರೆ ಸಾಕೆಟಿನ ಅಂಚು ಬಲ ಪೃಷ್ಠದ ಕೆಳಗೆ ಸೇರಿ ಆ ಕಡೆ ಮೇಲೇಳುತ್ತೆ, ಬಿಚ್ಚಿ ಕೂತ್ರೆ ಬಲಗಡೆ ಭಾರವೇ ಇಲ್ಲ. ಇಡೀ ಕಾಲು ಅಂದ್ರೆ ಮೈತೂಕದ ಸುಮಾರು 16%, ಅರ್ಧ ತೊಡೆ ಬಿಟ್ಟು ಹೋಗಿರೋದು ಅಂದ್ರೂ 70 ಕಿಲೋ ಮನುಷ್ಯನಿಗೆ ಏಳೆಂಟು ಕಿಲೋ, ಅಷ್ಟು ಒಂದು ಕಡೆ ಇಲ್ಲ ಅಂದ್ರೆ ಮೈ ಇನ್ನೊಂದು ಕಡೆ ಸರಿಯದೆ ಇನ್ನೇನು ಮಾಡುತ್ತೆ. ಕುರ್ಚಿಯಲ್ಲಿ ಎಡಗಡೆ ಪೃಷ್ಠದ ಕೆಳಗೆ ಮಡಚಿದ ಟವೆಲ್ ಇಟ್ಟು ಸಮ ಮಾಡಿದ್ವಿ. ಬೆಳಿಗ್ಗೆ ಕುರ್ಚಿ, ಮಧ್ಯಾಹ್ನದ ಮೇಲೆ ಗಾದಿ ಅಂತ ರಾಜಿ ಆಯ್ತು, ಗಾದಿಯಲ್ಲಿ ಕೂತಾಗ ಅರ್ಧ ಗಂಟೆಗೊಮ್ಮೆ ಎದ್ದು ಗೋಡೆ ಹಿಡಿದು ನಿಲ್ಲಬೇಕು.

ವ್ಯಾಯಾಮಗಳ ಉದ್ದ ಪಟ್ಟಿ ಬೇಡ. ಅಂಗಾತ ಮಲಗಿ ಸ್ಟಂಪ್, ಅಂದ್ರೆ ಉಳಿದ ತೊಡೆಯ ತುಂಡಿನ, ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನ ಕೆಳಕ್ಕೆ ಒತ್ತಿ ಸೊಂಟ ಎತ್ತೋದು, ಇದು ಪೃಷ್ಠದ ದೊಡ್ಡ ಸ್ನಾಯುವಿಗೆ. ಎಡಕ್ಕೆ ಮಲಗಿ ಬಲ ತೊಡೆಯನ್ನ ಹಿಂದಕ್ಕೆ ಇಟ್ಟುಕೊಂಡೇ ಮೇಲೆತ್ತೋದು, ಮುಂದಕ್ಕೆ ಬಂದ್ರೆ ಲೆಕ್ಕಕ್ಕಿಲ್ಲ. ಮಲ್ಟಿಫಿಡಸ್‌ಗೆ ಭಾರ ಏನೂ ಬೇಡ, ಬೋರಲು ಮಲಗಿದ್ದಾಗ ನನ್ನ ಹೆಬ್ಬೆರಳನ್ನ ಬೆನ್ನುಮೂಳೆಯ ಬಲಪಕ್ಕಕ್ಕೆ ಇಟ್ಟು ಅದರ ಕೆಳಗೆ ಸ್ನಾಯು ಮೆಲ್ಲಗೆ ಉಬ್ಬೋ ಹಾಗೆ ಮಾಡಿ ಅನ್ನೋದು. ಮೊದಮೊದಲು ಎಡಗಡೆ ಉಬ್ತಿತ್ತು, ಬಲಗಡೆ ಸತ್ತಂಗಿತ್ತು. ಮೂರನೇ ವಾರದ ಹೊತ್ತಿಗೆ ಬೆರಳಿಗೆ ಸಣ್ಣಗೆ ತಾಗೋಕೆ ಶುರುವಾಯ್ತು. ಆಮೇಲೆ ಪ್ಯಾರಲಲ್ ಬಾರ್ ಒಳಗೆ (ಎರಡೂ ಕಡೆ ಹಿಡ್ಕೊಳ್ಳೋ ಕಂಬಿಗಳ ನಡುವೆ) ಲಾಕ್ ತೆಗೆದು ನಡೆಯೋದು, ಹಿಮ್ಮಡಿ ಊರಿದ ತಕ್ಷಣ ಸ್ಟಂಪನ್ನ ಸಾಕೆಟ್ ಹಿಂಗೋಡೆಗೆ ಒತ್ತಿದ್ರೆ ಮೊಣಕಾಲು ಮಡಚಲ್ಲ ಅನ್ನೋ ನಂಬಿಕೆ ಬರೋವರೆಗೆ. ಕಾಲು ಕೊಟ್ಟಾಗಲೇ ಯಾರಾದ್ರೂ ಕೂತು ಕಲಿಸ್ಬೇಕಾಗಿದ್ದ ವಿಷಯ ಇದು. ಕಾಲು ಕೊಡೋ ದಿನ ಫೋಟೋ ತೆಗೆಯೋರು ತುಂಬಾ ಜನ ಇರ್ತಾರೆ, ಮಾರನೇ ದಿನ ನಡಿಗೆ ಕಲಿಸೋರು ಎಷ್ಟು ಜನ ಅಂತ ಕಾಲು ಹಾಕ್ಕೊಂಡವರನ್ನೇ ಕೇಳಿ.

ಮೂರು ತಿಂಗಳಿಗೆ ತೊಡೆಸಂದಿನ ಬಿಗಿತ 20ರಿಂದ 8 ಡಿಗ್ರಿಗೆ ಇಳಿದಿತ್ತು. ಆರು ವರ್ಷದ ಬಿಗಿತ ಪೂರ್ತಿ ಬಿಡೋದು ಕಷ್ಟ, 8 ಅಂದ್ರೆ ನನಗಂತೂ ಖುಷಿ. ಆಗ ಕಾಲಿನ ಉದ್ದಕ್ಕೆ ಕೈ ಹಾಕಿದ್ವಿ, 2 ಸೆಂಟಿಮೀಟರ್ ಪೂರ್ತಿ ಕೊಡ್ಲಿಲ್ಲ, ಒಂದು ಕೊಟ್ವಿ. ಟ್ಯೂಬ್ ಕತ್ತರಿಸಿ ಗಿಡ್ಡ ಮಾಡೋದು ಐದು ನಿಮಿಷ, ಉದ್ದ ಮಾಡೋಕೆ ಹೊಸ ಟ್ಯೂಬೇ ಬೇಕು, ಅದು ಬರೋಕೆ ಕಾದ್ವಿ. ತೂಕದ ಮಷೀನ್ ಮೇಲೆ ಈಗ 38 ಮತ್ತು 29. ನೋವು ಹತ್ತಕ್ಕೆ ಏಳು ಇದ್ದಿದ್ದು ಮೂರಕ್ಕೆ ಬಂದಿದೆ, ಮಾತ್ರೆ ನಿಂತಿದೆ, ಆಪರೇಷನ್ ಮಾತು ಮತ್ತೆ ಯಾರೂ ಎತ್ತಿಲ್ಲ. ಎಂಆರ್‌ಐ ಮತ್ತೆ ಮಾಡಿಸಿಲ್ಲ, ಮಾಡಿಸಿದ್ರೆ ಬಲ್ಜ್ ಅಲ್ಲೇ ಇರುತ್ತೆ, ಅದಕ್ಕೆ ನಾವೇನೂ ಮಾಡಿಲ್ಲವಲ್ಲ.

ಹರಾಜಿನ ದಿನ ಈಗಲೂ ಸಂಜೆಗೆ ನಡ ಹಿಡಿಯುತ್ತೆ, ಅವತ್ತು ಗೋಣಿಚೀಲದ ಹತ್ರ ಹೋಗೋಕೂ ಬಿಡುವಿರಲ್ಲ. ರಸ್ತೆಯಲ್ಲಿ, ಸಂತೆಯಲ್ಲಿ ಇನ್ನೂ ಲಾಕ್ ಹಾಕೇ ನಡೀತಾರೆ, ಮನೆ ಮತ್ತೆ ಮಂಡಿ ಒಳಗೆ ಮಾತ್ರ ತೆಗೆದಿರ್ತಾರೆ. ವ್ಯಾಯಾಮ ಶುರುವಾದ ಮೇಲೆ ಸ್ಟಂಪಿನ ಅಳತೆ ಬದಲಾಗಿ ಸಾಕೆಟ್ ಸಡಿಲ ಆಗಿದೆ, ಎರಡು ಸಾಕ್ಸ್ ಹಾಕಿ ತುಂಬಿಸ್ತಿದ್ದಾರೆ, ಸಡಿಲ ಸಾಕೆಟಲ್ಲಿ ಮತ್ತೆ ಮೈ ಬಲಕ್ಕೆ ವಾಲೋದು ಶುರುವಾಗೋದರೊಳಗೆ ಹೊಸದು ಮಾಡಿಸ್ಬೇಕು. ಕಳೆದ ಸಲ ಬಂದಾಗ ಎಡ ಮೊಣಕಾಲು ಮೆಟ್ಟಿಲು ಇಳಿಯುವಾಗ ಚುಚ್ಚುತ್ತೆ ಅಂದ್ರು. ಆರು ವರ್ಷ ಮೂರರಲ್ಲಿ ಎರಡು ಪಾಲು ಭಾರ ಹೊತ್ತ ಕಾಲದು, ಎಕ್ಸ್-ರೇ ಬರೆದುಕೊಟ್ಟಿದ್ದೀನಿ.